ಮನೆಗೆ ಬರುವ ಸೂಲಗಿತ್ತಿ, ಬಾಂಬೋಳಿಗೆ ಹೋಗುವ ದಾರಿ

ವಾಸ್ಕೋದಲ್ಲಿ ನಾವಿರುವ ಕಟ್ಟಡದ ಎರಡನೇ ಮಹಡಿಯ ಹುಡುಗಿಗೆ ಈಗ ಏಳು ತಿಂಗಳು. ಊರು ಗದಗದ ಕಡೆ, ಕೆಲಸ ಪಣಜಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮೊನ್ನೆ ಸಂಜೆ ಬಂದವಳು ಚಹಾ ಕುಡಿಯುತ್ತಾ, "ಅಕ್ಕಾ, ಮನ್ಯಾಗ ಹಡೀಬೇಕಂತ ಮಾಡೀನಿ, ನೀವೇನಂತೀರಿ?" ಎಂದಳು.

ನನಗೆ ಮೊದಲು ನಗು ಬಂತು. ಅವಳ ಅಜ್ಜಿ ಎಂಟು ಹೆತ್ತದ್ದು ಮನೆಯಲ್ಲೇ. ಉಳಿದದ್ದು ಐದು. ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಮನೆಯವರ ಜೊತೆ ಜಗಳ ಆಡಿದ ಹೆಂಗಸು ಅದು. ಈಗ ಮೊಮ್ಮಗಳು ದುಡ್ಡು ಕೊಟ್ಟು ಮನೆಗೆ ಸೂಲಗಿತ್ತಿಯನ್ನು ಕರೆಸುತ್ತೇನೆ ಅನ್ನುತ್ತಿದ್ದಾಳೆ. ಆದರೆ ಹುಡುಗಿ ತಮಾಷೆಗೆ ಕೇಳಿರಲಿಲ್ಲ. ಅವಳ ಅಕ್ಕನ ಹೆರಿಗೆ ಹೇಗಾಯ್ತು ಅನ್ನುವುದನ್ನು ಅವಳು ಹತ್ತಿರದಿಂದ ನೋಡಿದ್ದಳು. ಹಾಗಾಗಿ ಉತ್ತರವನ್ನೂ ಸುಮ್ನೆ ಕೊಡಲು ಆಗಲಿಲ್ಲ.

ಗೋವಾದಲ್ಲಿ ಮನೆ ಹೆರಿಗೆ ತುಂಬಾ ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಶೇ 99.7ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ದೇಶದ ಲೆಕ್ಕ ಶೇ 88.6. 2005-06ರ ಸಮೀಕ್ಷೆಯಲ್ಲಿ ಇದು ಶೇ 38.7 ಮಾತ್ರ ಇತ್ತು. ಹದಿನೈದು ವರ್ಷದಲ್ಲಿ ಇಷ್ಟು ದೊಡ್ಡ ಬದಲಾವಣೆ. ಇದರ ಫಲವೂ ಕಾಣುತ್ತದೆ. 2004-06ರಲ್ಲಿ ದೇಶದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 254 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 97ಕ್ಕೆ ಇಳಿಯಿತು. ಎಲ್ಲವೂ ಆಸ್ಪತ್ರೆಯಿಂದಲೇ ಆಯಿತು ಅನ್ನಲಾಗದು. ರಸ್ತೆ, ಓದು, ತಡವಾಗಿ ಮದುವೆ, ಕಡಿಮೆ ಮಕ್ಕಳು, ಎಲ್ಲವೂ ಸೇರಿವೆ. ಆದರೂ ಅಜ್ಜಿಯ ಜಗಳ ವ್ಯರ್ಥವಾಗಲಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ಗೋವಾದ ಹೆರಿಗೆಗಳಲ್ಲಿ ಶೇ 39.5 ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 31.4 ಇತ್ತು. ದೇಶದ ಸರಾಸರಿ ಶೇ 21.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಶೇ 47.4. ಸಿಸೇರಿಯನ್ ಶೇ 10ರಿಂದ 15ರೊಳಗೆ ಇದ್ದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. 2015ರಲ್ಲಿ ಮಾತನ್ನು ಇನ್ನಷ್ಟು ಬಿಗಿ ಮಾಡಿತು: ಒಂದು ಜನಸಮುದಾಯದಲ್ಲಿ ಶೇ 10 ದಾಟಿದ ಮೇಲೆ ಸಿಸೇರಿಯನ್ ಹೆಚ್ಚಾದಷ್ಟೂ ಸಾವು ಕಡಿಮೆಯಾಗುವುದು ಕಾಣುವುದಿಲ್ಲ. ಹಾಗಂತ ಯಾವ ಹೆಂಗಸಿನ ಹೊಟ್ಟೆ ಕೊಯ್ದದ್ದು ಅನಗತ್ಯವಾಗಿತ್ತು ಎಂದು ಈ ಸಂಖ್ಯೆ ಬೊಟ್ಟು ಮಾಡಿ ತೋರಿಸಲಾರದು. ಗುಮಾನಿ ಹುಟ್ಟಿಸುತ್ತದೆ, ಅಷ್ಟೇ. ಆ ಗುಮಾನಿಯೇ ಈಗ ಉತ್ತರ ಗೋವಾದ ಅಸಗಾಂವ್, ಶಿವೋಲಿ ಕಡೆಯ ಮನೆಗಳಲ್ಲಿ ನೀರಿನ ತೊಟ್ಟಿ ತುಂಬಿಸಿ ಹೆರುವವರವರೆಗೆ ಬಂದಿದೆ.

ಖಾಸಗಿ ನರ್ಸಿಂಗ್ ಹೋಮಿನ ಲೆಕ್ಕ ತಿಳಿದರೆ ಅರ್ಧ ಕಥೆ ಅರ್ಥವಾಗುತ್ತದೆ. ಮೊದಲ ಹೆರಿಗೆಯ ನೋವು ಹನ್ನೆರಡು ಗಂಟೆಗೂ ಮುಗಿಯದೆ ಹೋಗಬಹುದು, ಹದಿನೆಂಟೂ ಆಗಬಹುದು. ಸಿಸೇರಿಯನ್ ಒಂದು ಗಂಟೆಯ ಕೆಲಸ. ಇರುವುದು ಒಬ್ಬರೇ ಡಾಕ್ಟರು. ಬೆಳಿಗ್ಗೆ ಓಪಿಡಿ ನೋಡಬೇಕು, ರಾತ್ರಿ ಅರಿವಳಿಕೆ ಕೊಡುವವರು ಸಿಗುತ್ತಾರೋ ಇಲ್ಲವೋ. ಸಂಜೆ ಆರಕ್ಕೆ ನಿಧಾನವಾಗಿದೆ ಅನ್ನಿಸಿದ ಹೆರಿಗೆಯನ್ನು ಮಧ್ಯರಾತ್ರಿವರೆಗೆ ಕಾಯುವ ಧೈರ್ಯ ಎಷ್ಟು ಜನಕ್ಕಿದೆ? ಏನಾದರೂ ಆದರೆ ಗಾಜು ಒಡೆಯುವವರು, ಕೇಸು ಹಾಕುವವರು ಬೇರೆ. ಇದರಲ್ಲಿ ನಮ್ಮ ಪಾಲೂ ಇದೆ. ಪಂಚಾಂಗ ನೋಡಿ, ಒಳ್ಳೆ ನಕ್ಷತ್ರ ಹುಡುಕಿ, ಇಂಥ ಹೊತ್ತಿಗೇ ತೆಗೆಯಿರಿ ಅನ್ನುವವರು ನಮ್ಮಲ್ಲೇ ಇದ್ದಾರಲ್ಲ. ಡಾಕ್ಟರರನ್ನು ಮಾತ್ರ ಕಟಕಟೆಗೆ ಹತ್ತಿಸಿದರೆ ನ್ಯಾಯವಾಗದು.

ಸರ್ಕಾರಿ ವಾರ್ಡಿನ ಕಥೆ ಬೇರೆ. ನಮ್ಮ ವಾಸ್ಕೋ ಕಡೆಯ ಬೈನಾ, ಝುವಾರಿನಗರದ ಕನ್ನಡ ಹೆಂಗಸರು ಹೋಗುವುದು ಅಲ್ಲಿಗೆ. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು. ನರ್ಸ್ ಕೊಂಕಣಿಯಲ್ಲೋ ಮರಾಠಿಯಲ್ಲೋ ಹೇಳುತ್ತಾರೆ, ಇವಳಿಗೆ ಅರ್ಧ ತಿಳಿಯುತ್ತದೆ. ಮಲಗು ಅಂದರೆ ಮಲಗುವುದು, ಕಿರುಚಿದರೆ ಬೈಗುಳ. ನಮ್ಮ ಮನೆಗೆ ಬರುತ್ತಿದ್ದ ಒಬ್ಬಾಕೆ ತನ್ನ ಎರಡನೇ ಹೆರಿಗೆಯನ್ನು ನೆನೆಸಿಕೊಂಡು ಹೇಳಿದ ಮಾತು ನನಗೆ ಮರೆಯುವುದಿಲ್ಲ: "ನೋವು ತಡ್ಕೊಂಡೆ ಅಕ್ಕಾರ, ಒಬ್ಬಾಕಿನ ಇರೂದು ತಡ್ಕೊಳ್ಳಾಕ ಆಗಲಿಲ್ಲ." ಗಂಡ ಗೇಟಿನ ಹೊರಗೆ, ತಾಯಿ ಊರಲ್ಲಿ. ಒಳಗೆ ಅವಳ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬೇಕು ಎಂದು ಹೆರಿಗೆ ವಾರ್ಡುಗಳನ್ನು ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ತಂದ 'ಲಕ್ಷ್ಯ' ಯೋಜನೆಯೇ ಹೇಳುತ್ತದೆ. ಜಾಗ ಇಲ್ಲ, ಪರದೆ ಇಲ್ಲ ಅನ್ನುವ ಕಾರಣಕ್ಕೆ ಹೊರಗೆ ನಿಲ್ಲಿಸುವುದು ಇನ್ನೂ ನಿಂತಿಲ್ಲ.

ಮನೆಗೆ ಬರುವ ಮಿಡ್‌ವೈಫ್ ಕೊಡುವುದು ಇದನ್ನೇ. ಸಮಯ. ಐದನೇ ತಿಂಗಳಿಂದ ಅವರೇ ನೋಡುತ್ತಾರೆ. ಪ್ರತಿ ಸಲ ಒಂದು ಗಂಟೆ ಕೂರುತ್ತಾರೆ. ಏನು ತಿಂದೆ, ನಿದ್ದೆ ಬರುತ್ತಾ, ಅತ್ತೆ ಹೇಗೆ, ಎಲ್ಲ ಕೇಳುತ್ತಾರೆ. ಬೇನೆ ಶುರುವಾದಾಗ ಬರುವುದೂ ಅದೇ ಮುಖ. ನಡೆದಾಡು, ಕುಕ್ಕರುಗಾಲಲ್ಲಿ ಕೂರು, ಗೋಡೆ ಹಿಡಿ, ಹಸಿವಾದರೆ ಗಂಜಿ ಕುಡಿ ಅನ್ನುತ್ತಾರೆ. ಇದು ಬರೀ ಭಾವನೆಯ ಮಾತಲ್ಲ, ಇದಕ್ಕೆ ಆಧಾರ ಗಟ್ಟಿಯಾಗಿದೆ. ಗರ್ಭಿಣಿಯನ್ನು ಒಬ್ಬರೇ ಸೂಲಗಿತ್ತಿ ಅಥವಾ ಒಂದೇ ಸಣ್ಣ ತಂಡ ಮೊದಲಿಂದ ಕೊನೆವರೆಗೆ ನೋಡಿಕೊಂಡರೆ ಏನಾಗುತ್ತದೆ ಎಂದು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ 2016ರ ವಿಮರ್ಶೆ 15 ಪ್ರಯೋಗಗಳನ್ನು, 17,674 ಹೆಂಗಸರನ್ನು ಒಟ್ಟಿಗೆ ಇಟ್ಟು ನೋಡಿತು. ಇಕ್ಕಳ ಹಾಕುವುದು, ಕತ್ತರಿ ಹಾಕಿ ಹೊಲಿಯುವುದು ಕಡಿಮೆಯಾಯಿತು. ದಿನ ತುಂಬದ ಹೆರಿಗೆಯೂ ಕಡಿಮೆಯಾಯಿತು. ಬೇನೆಯ ಹೊತ್ತಿನಲ್ಲಿ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು 2017ರ ಇನ್ನೊಂದು ವಿಮರ್ಶೆ ತೋರಿಸಿತು.

ಇಲ್ಲೊಂದು ವಿಷಯ ಜನ ಗಮನಿಸುವುದಿಲ್ಲ. ಮೊದಲನೇ ವಿಮರ್ಶೆಯ ಪ್ರಯೋಗಗಳಲ್ಲಿ ಒಂದೂ ಮನೆ ಹೆರಿಗೆಯದ್ದಲ್ಲ. ಸೂಲಗಿತ್ತಿಯರು ಆಸ್ಪತ್ರೆಯೊಳಗೇ, ಡಾಕ್ಟರು ಕೂಗಳತೆಯಲ್ಲಿ ಇರುವಾಗ ಮಾಡಿದ ಕೆಲಸ ಅದು. ಒಳ್ಳೆಯದು ಮಾಡಿದ್ದು ಸೂಲಗಿತ್ತಿಯ ಆರೈಕೆ. ಆ ಪುಣ್ಯವನ್ನು ಮನೆಯ ಗೋಡೆಗಳ ಹೆಸರಿಗೆ ಬರೆದುಬಿಡುತ್ತೇವೆ.

ಸೂಲಗಿತ್ತಿ ಅಂದರೆ ನಮಗೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ ಯಾರ ಹತ್ತಿರವೂ ಕಾಸು ಕೇಳದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಗೋವಾದ ಹಳಬರಿಗೆ ಅಂಥವರು 'ವೊಯ್ಜಿಣ್'. ಮರಾಠಿಯವರಿಗೆ 'ಸುಈಣ್'. ಈ ಹೆಸರುಗಳಿಗೆ ಅಂಟಿದ ಗೌರವವನ್ನು ಇವತ್ತು ಮನೆಗೆ ಬರುವ ಎಲ್ಲರಿಗೂ ಕಣ್ಣುಮುಚ್ಚಿ ಕೊಡುವುದು ಸರಿಯಲ್ಲ. ಇವತ್ತು ಬರುವವರಲ್ಲಿ ಹಲವು ಬಗೆ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ಹೆಸರು ನೋಂದಾಯಿಸಿದವರು. ಹೊರದೇಶದ ಪ್ರಮಾಣಪತ್ರ ತಂದವರು. ಅದು ಅಲ್ಲಿ ಒಳ್ಳೆ ಓದೇ ಇರಬಹುದು, ಆದರೆ ಇಲ್ಲಿಯ ನೋಂದಣಿ ಅದರ ಜೊತೆ ತಾನಾಗಿ ಬರುವುದಿಲ್ಲ. ಡೂಲಾಗಳು, ಅಂದರೆ ಬೆನ್ನು ನೀವಿ ಧೈರ್ಯ ಹೇಳುವವರು. ಹೆರಿಗೆ ಮಾಡಿಸುವುದು ಅವರ ಕೆಲಸವೇ ಅಲ್ಲ. ಕೊನೆಗೆ, ವಿಡಿಯೋ ನೋಡಿ ಧೈರ್ಯ ಮಾಡುವ ಮನೆಯವರು. 2018ರ ಜುಲೈನಲ್ಲಿ ತಿರುಪ್ಪೂರಿನಲ್ಲಿ ಹೀಗೆ ಒಬ್ಬ ಯುವ ಶಿಕ್ಷಕಿ ತೀರಿಕೊಂಡರು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಮನೆಯಲ್ಲೇ ಆದ ಐದನೇ ಹೆರಿಗೆಯಲ್ಲಿ ಇನ್ನೊಬ್ಬರು. ಈ ಎರಡು ಸಾವುಗಳನ್ನು ತೋರಿಸಿ ಕಲಿತ ಮಿಡ್‌ವೈಫ್‌ಗಳನ್ನು ಬೈಯುವುದು ತಪ್ಪು. ಕಲಿತವರನ್ನು ತೋರಿಸಿ ಇಂಥವನ್ನು ಮರೆಸುವುದೂ ಅಷ್ಟೇ ತಪ್ಪು.

ನಂಬಿಕೆಯ ಪ್ರಶ್ನೆಗೆ ಬರೋಣ. ನಮ್ಮ ಹುಡುಗಿ ಹೇಳಿದ್ದು: "ಅವರು ನೂರು ಹೆರಿಗೆ ಮಾಡಿಸ್ಯಾರ ಅಕ್ಕಾ, ಒಂದಕ್ಕೂ ಏನೂ ಆಗಿಲ್ಲ." ಕೇಳಲಿಕ್ಕೆ ಎಷ್ಟು ಭರವಸೆ ಕೊಡುತ್ತದೆ ಅಲ್ವಾ? ಲೆಕ್ಕ ಹಾಕಿದರೆ ಅಷ್ಟು ಉಳಿಯುವುದಿಲ್ಲ.

ಇಂಗ್ಲೆಂಡಿನಲ್ಲಿ 2011ರಲ್ಲಿ ಬಂದ 'ಬರ್ತ್‌ಪ್ಲೇಸ್' ಅಧ್ಯಯನ ಸುಮಾರು 64 ಸಾವಿರ ಹೆರಿಗೆಗಳನ್ನು ನೋಡಿತು. ಎಲ್ಲರೂ ಅಪಾಯ ಕಡಿಮೆ ಇರುವ ಗರ್ಭಿಣಿಯರು. ಮಗು ಸಾಯುವುದು, ಮಿದುಳಿಗೆ ಪೆಟ್ಟಾಗುವುದು, ಹುಟ್ಟುವಾಗ ಮೂಳೆ ಅಥವಾ ನರಕ್ಕೆ ಏಟಾಗುವುದು, ಇಂಥವನ್ನೆಲ್ಲ ಒಂದೇ ಗುಂಪಿಗೆ ಹಾಕಿ ಎಣಿಸಿದರು. ಎರಡನೇ, ಮೂರನೇ ಹೆರಿಗೆಯವರಲ್ಲಿ ಮನೆಗೂ ಆಸ್ಪತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೊದಲ ಹೆರಿಗೆಯವರಲ್ಲಿ ಕಂಡಿತು. ಡಾಕ್ಟರಿರುವ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ ಸಾವಿರಕ್ಕೆ 9.3.

ಈಗ ನಿಜವಾದ ಅಪಾಯ ಸಾವಿರಕ್ಕೆ 9.3 ಇರುವ ಕಡೆ ಒಬ್ಬ ಮಿಡ್‌ವೈಫ್ ನೂರು ಹೆರಿಗೆ ಮಾಡಿಸಿದರು ಅನ್ನೋಣ. ಅವರಿಗೆ ಒಂದೂ ಕೆಟ್ಟ ಘಟನೆ ಎದುರಾಗದಿರುವ ಸಾಧ್ಯತೆ ಸುಮಾರು ಶೇ 39. ಅಂದರೆ ಇಂಥ ಹತ್ತು ಮಂದಿಯಲ್ಲಿ ನಾಲ್ವರು 'ನೂರಕ್ಕೆ ನೂರು' ಅಂತ ನಿಜವನ್ನೇ ಹೇಳಬಹುದು. ಅಪಾಯ 5.3 ಇದ್ದಾಗ ಹಾಗೆ ಹೇಳುವವರು ಆರು ಮಂದಿ. ನಾಲ್ಕಕ್ಕೂ ಆರಕ್ಕೂ ನಡುವಿನ ವ್ಯತ್ಯಾಸವನ್ನು ಒಬ್ಬರ ಅನುಭವದಿಂದ ಪತ್ತೆ ಮಾಡುವುದು ಅವರಿಗೂ ಆಗದು, ನಮಗೂ ಆಗದು. ಅಪರೂಪದ ಅಪಾಯದ ಸ್ವಭಾವವೇ ಹಾಗೆ. ಅದರ ಮೇಲೆ, ಚೆಂದ ಹೆತ್ತವಳು ಫೋಟೋ ಹಾಕುತ್ತಾಳೆ, ಗೆಳತಿಯರಿಗೆ ಹೇಳುತ್ತಾಳೆ. ಕೆಟ್ಟದ್ದಾದವಳು ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತಾಳೆ.

ಅದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಮನೆಯಲ್ಲೇ ಹೆರುತ್ತೇವೆ ಎಂದು ಹೊರಟ ಮೊದಲ ಹೆರಿಗೆಯವರಲ್ಲಿ ನೂರಕ್ಕೆ ಸುಮಾರು 45 ಮಂದಿ ಬೇನೆಯ ನಡುವೆಯೋ ಹೆರಿಗೆಯಾದ ಕೂಡಲೇಯೋ ಆಸ್ಪತ್ರೆಗೆ ಹೋಗಬೇಕಾಯಿತು. ಮೊದಲೇ ಹೆತ್ತವರಲ್ಲಿ ಸುಮಾರು 12. ಜಾಸ್ತಿ ಜನ ಹೋದದ್ದು ತುರ್ತಿಗಲ್ಲ, ಹೆರಿಗೆ ನಿಧಾನವಾಯಿತು ಅನ್ನುವ ಕಾರಣಕ್ಕೆ. ಇದನ್ನು ಅಲ್ಲಿ ಯಾರೂ ಸೋಲು ಅನ್ನುವುದಿಲ್ಲ. ಮನೆ ಹೆರಿಗೆಯ ಏರ್ಪಾಡಿನಲ್ಲೇ ಅದು ಸೇರಿದೆ. ಮಿಡ್‌ವೈಫ್ ಸರ್ಕಾರದ ಆರೋಗ್ಯ ಸೇವೆಯವರೇ. ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಬರುತ್ತದೆ, ವಾರ್ಡಿನವರಿಗೆ ಅವರ ಪರಿಚಯವಿರುತ್ತದೆ. ಬೇನೆಯ ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ.

ಗೋವಾದಲ್ಲಿ ಏನಾಗುತ್ತದೆ? ಕೆಲವು ವರ್ಷದ ಹಿಂದೆ ನಮಗೆ ಪರಿಚಯದ ಒಂದು ಮನೆಯಲ್ಲಿ ಹೀಗೇ ನಿಧಾನವಾಯಿತು. ರಾತ್ರಿ ಒಂದು ಆಸ್ಪತ್ರೆಗೆ ಹೊರಟರು. ಜೊತೆಗೆ ಹೋದ ಮಿಡ್‌ವೈಫ್ ಗೇಟಿನಲ್ಲಿ ತಾನು ಹುಡುಗಿಯ ಚಿಕ್ಕಮ್ಮ ಅಂದರು. ಇಷ್ಟು ಹೊತ್ತಿಗೆ ನೀರು ಹೋಯಿತು, ಇಷ್ಟು ಹೊತ್ತಿಗೆ ಮಗುವಿನ ಎದೆಬಡಿತ ಇಷ್ಟಿತ್ತು ಎಂದು ಬರೆದಿಟ್ಟ ಹಾಳೆ ಅವರ ಚೀಲದಲ್ಲೇ ಉಳಿಯಿತು. ಡ್ಯೂಟಿ ಡಾಕ್ಟರು ಎಲ್ಲವನ್ನೂ ಮೊದಲಿಂದ ಶುರು ಮಾಡಿದರು, ಮನೆಯವರಿಗೆ ಬೈಯುತ್ತಲೇ. ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಆ ಸುಳ್ಳು ಯಾಕೆ ಬೇಕಾಯಿತು? ಬೈಗುಳ, ಪೊಲೀಸ್, ಕೇಸು, ಈ ಮೂರರ ಭಯ. ಭಯವಿದ್ದಲ್ಲಿ ಹೊರಡುವುದು ತಡವಾಗುತ್ತದೆ. ಇನ್ನೊಂದರ್ಧ ಗಂಟೆ ನೋಡೋಣ ಅನ್ನಿಸುತ್ತದೆ. ಮನೆ ಹೆರಿಗೆಯಲ್ಲಿ ನನಗೆ ಅತಿ ಹೆಚ್ಚು ಅಂಜಿಕೆ ಹುಟ್ಟಿಸುವುದು ಈ ಅರ್ಧ ಗಂಟೆ.

ಯಾಕೆ ಅಂದರೆ, ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ, ಅಂದರೆ ಮಾಸು, ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಬಿಗಿಯದಿದ್ದರೆ ಒಂದೆರಡು ಗಂಟೆಯಲ್ಲಿ ಜೀವ ಹೋಗಬಹುದು. ಬಿಗಿಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜುಲೈ ಮಳೆಯಲ್ಲಿ ಕರೆಂಟು ಹೋಗಿ ಬರುವ ಗೋವಾದ ಹಳ್ಳಿಯಲ್ಲಿ ಮಿಡ್‌ವೈಫ್ ಚೀಲದ ಮದ್ದು ಎಷ್ಟು ತಂಪಾಗಿತ್ತು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅದೇ 2019-21ರ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಇರುವವಳು ಅರ್ಧ ಲೀಟರ್ ರಕ್ತ ಕಳೆದುಕೊಂಡರೆ ತಡೆದುಕೊಳ್ಳುತ್ತಾಳೆ. 7 ಇರುವವಳಿಗೆ ಅಷ್ಟೇ ರಕ್ತ ಪ್ರಾಣಕ್ಕೆ ಬರಬಹುದು. ಇಂಗ್ಲೆಂಡಿನ ಅಂಕಿಗಳನ್ನು ಗದಗದ ಹುಡುಗಿಯ ಮೇಲೆ ಹಾಗೇ ಹೊದಿಸಲಾಗದು ಅನ್ನುವುದು ಇದಕ್ಕೇ.

ಇನ್ನು ದಾರಿ. ಅಸಗಾಂವ್‌ನಿಂದ ಮಾಪ್ಸಾದ ಜಿಲ್ಲಾ ಆಸ್ಪತ್ರೆ ಹತ್ತಿರ. ಆದರೆ ಕೈ ಮೀರಿದ ಕೇಸು ಕೊನೆಗೆ ಹೋಗುವುದು ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ. ಪರ್ವರಿಯ ಟ್ರಾಫಿಕ್ ದಾಟಬೇಕು, ಮಾಂಡವಿ ಸೇತುವೆ ದಾಟಬೇಕು. ಡಿಸೆಂಬರಿನ ಕೊನೆ ವಾರ ಆ ದಾರಿ ಹೇಗಿರುತ್ತದೆ ಅಂತ ಗೋವಾದವರಿಗೆ ಹೇಳಬೇಕಾಗಿಲ್ಲ. ನಮ್ಮ ವಾಸ್ಕೋ ಕಡೆಯಿಂದಾದರೆ ಕುಠ್ಠಾಳಿ ದಾಟಿ ಜುವಾರಿ ಸೇತುವೆ ಹತ್ತಬೇಕು. 2022ರ ಕೊನೆಗೆ ಹೊಸ ಸೇತುವೆ ತೆರೆದ ಮೇಲೆ ವಾಸಿ. ಮೊದಲು ಹಳೇ ಸೇತುವೆ ಮೇಲೆ ಒಂದು ಲಾರಿ ಕೆಟ್ಟರೆ ದಿನವೇ ಕೆಟ್ಟ ಹಾಗೆ.

ಕಾನೂನು ಏನು ಹೇಳುತ್ತದೆ ಎಂದು ಹುಡುಗಿಯ ಗಂಡ ಕೇಳಿದ. ಮನೆಯಲ್ಲಿ ಹೆರಬಾರದು ಎಂಬ ಕಾಯ್ದೆ ದೇಶದಲ್ಲಿಲ್ಲ. ಮನೆಯಲ್ಲಿ ಹುಟ್ಟಿದ ಮಗುವಿನ ಸುದ್ದಿಯನ್ನು ಮನೆಯ ಯಜಮಾನ 21 ದಿನದೊಳಗೆ ತಿಳಿಸಬೇಕು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆ ಮತ್ತು ಅದರ ನಿಯಮಗಳೇ ಹೇಳುತ್ತವೆ. ಮಿಡ್‌ವೈಫ್‌ಗಳಿಗೆ ಆಸ್ಪತ್ರೆಯೊಳಗೇ ಜಾಗ ಕೊಡುವ ಯೋಜನೆಯನ್ನೂ ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಹೊರಡಿಸಿತು. ನರ್ಸ್‌ಗಳಿಗೆ 18 ತಿಂಗಳ ಹೆಚ್ಚಿನ ತರಬೇತಿ. ಆಮೇಲೆ ಹೆರಿಗೆ ವಾರ್ಡಿನ ಪಕ್ಕದಲ್ಲೇ ಸೂಲಗಿತ್ತಿಯರೇ ನಡೆಸುವ ಘಟಕ. ತೊಂದರೆ ಬಂದರೆ ಡಾಕ್ಟರು ಪಕ್ಕದ ಕೋಣೆಯಲ್ಲಿ. ತೆಲಂಗಾಣ ಇದಕ್ಕೂ ಮೊದಲೇ, 2017ರಲ್ಲಿ, ಕರೀಂನಗರದಲ್ಲಿ ತರಬೇತಿ ಶುರು ಮಾಡಿತ್ತು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯೂ ಬಂತು. ಕಾಗದದಲ್ಲಿ ಎಲ್ಲ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಬೈನಾದ ಹೆಂಗಸಿಗೂ ಅಸಗಾಂವ್‌ನ ಹೆಂಗಸಿಗೂ ಒಟ್ಟಿಗೆ ಉಪಯೋಗವಾಗುವ ಉತ್ತರ ಇದೊಂದೇ. ಕೈ ಹಿಡಿದುಕೊಳ್ಳುವವರೂ ಇರುತ್ತಾರೆ, ಬಾಂಬೋಳಿಯವರೆಗೆ ಓಡುವುದೂ ತಪ್ಪುತ್ತದೆ. ಆದರೆ ನಮ್ಮ ಹುಡುಗಿಗೆ ಇನ್ನೆರಡು ತಿಂಗಳು ಮಾತ್ರ ಇದೆ, ಅಷ್ಟರಲ್ಲಿ ವಾಸ್ಕೋದಲ್ಲಿ ಇದಾಗುವುದಿಲ್ಲ.

ಹಾಗಾಗಿ ಅವಳಿಗೆ ನಾನು ಹೇಳಿದ್ದು ಇಷ್ಟು. ಅವರು ಎಷ್ಟು ಹೆರಿಗೆ ಮಾಡಿಸಿದ್ದಾರೆ ಅಂತ ಕೇಳಬೇಡ. ಎಷ್ಟು ಜನಕ್ಕೆ 'ನಿಮ್ಮದು ಮನೆಯಲ್ಲಿ ಬೇಡ' ಅಂದಿದ್ದಾರೆ, ಎಷ್ಟು ಜನರನ್ನು ನಡುವೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ ಅಂತ ಕೇಳು. ಸೊನ್ನೆ ಅಂದರೆ ಎದ್ದು ಬಾ. ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಮಗು ಉಲ್ಟಾ ಇದ್ದರೆ, ಬಿಪಿ ಸಕ್ಕರೆ ಇದ್ದರೆ ಏನು ಮಾಡುತ್ತೀರಿ ಅಂತ ಕೇಳು. 'ನೋಡೋಣ, ಪಾಸಿಟಿವ್ ಆಗಿರಿ' ಅಂದರೂ ಎದ್ದು ಬಾ. ಬರುವುದು ಒಬ್ಬರೋ ಇಬ್ಬರೋ? ಮಗು ಉಸಿರಾಡದೆ, ಅದೇ ಹೊತ್ತಿಗೆ ತಾಯಿಗೆ ರಕ್ತ ಹೋಗಲು ಶುರುವಾದರೆ ಇರುವ ಎರಡು ಕೈ ಯಾರನ್ನು ಹಿಡಿಯಬೇಕು? ಬೇನೆ ಜೋರಾದ ಮೇಲೆ ಮಗುವಿನ ಎದೆಬಡಿತವನ್ನು ಎಷ್ಟು ಹೊತ್ತಿಗೊಮ್ಮೆ ಕೇಳುತ್ತಾರೆ? ಹದಿನೈದು ನಿಮಿಷಕ್ಕೊಮ್ಮೆ, ತಿಣುಕುವಾಗ ಐದು ನಿಮಿಷಕ್ಕೊಮ್ಮೆ ಅಂತ ಕಲಿತವರಿಗೆ ಗೊತ್ತಿರುತ್ತದೆ. ಇದರ ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡು ಮಾಡಿಸಿಟ್ಟುಕೋ. ಒಂದು ರಾತ್ರಿ ಹತ್ತು ಗಂಟೆಗೆ ಗಂಡನ ಜೊತೆ ಕಾರಿನಲ್ಲಿ ಬಾಂಬೋಳಿಯವರೆಗೆ ಸುಮ್ನೆ ಹೋಗಿ ಬಾ. ಎಷ್ಟು ನಿಮಿಷ ಆಯಿತು ಅಂತ ಬರೆದಿಡು.

ಕಾರಿನ ಪ್ರಯಾಣ ಮಾಡಿದರು. ಎಷ್ಟಾಯಿತು ಅಂತ ಹೇಳಲಿಲ್ಲ, ಮುಖ ಸಣ್ಣದು ಮಾಡಿದ್ದು ನೋಡಿ ನಾನೂ ಕೇಳಲಿಲ್ಲ.

ಮಿಡ್‌ವೈಫ್ ಬಳಿಯೂ ಹೋಗಿ ಬಂದಳು. ಅವರು ಮೊದಲು ಕೇಳಿದ್ದು ರಕ್ತಪರೀಕ್ಷೆಯ ಚೀಟಿ. ಹಿಮೋಗ್ಲೋಬಿನ್ 8.6 ಇತ್ತು. ಚೀಟಿ ವಾಪಸ್ ಕೊಟ್ಟು, ಇದು ಹನ್ನೊಂದು ದಾಟದೆ ನಾನು ನಿಮ್ಮ ಮನೆಗೆ ಬರುವುದಿಲ್ಲ, ಕಬ್ಬಿಣದ ಮಾತ್ರೆಗೆ ಜಗ್ಗದಿದ್ದರೆ ಡಾಕ್ಟರ ಹತ್ತಿರ ಡ್ರಿಪ್ ಹಾಕಿಸಿಕೊಳ್ಳಿ ಅಂದರಂತೆ. ಹುಡುಗಿಗೆ ಸಿಟ್ಟು ಬಂದಿತ್ತು. "ಇಷ್ಟು ಮಾಡಿ ಇವರೂ ದವಾಖಾನಿಯವರ ಹಂಗ ಮಾತಾಡ್ತಾರಲ್ರೀ ಅಕ್ಕಾ" ಅಂತ ಗೊಣಗಿದಳು. ನನಗೆ ಮಾತ್ರ ಆ ಮಿಡ್‌ವೈಫ್ ಮೇಲೆ ಮೊದಲ ಸಲ ನಂಬಿಕೆ ಬಂತು. ಡ್ರಿಪ್ ಹಾಕಿಸಿಕೊಂಡಿದ್ದಾಳೆ. ಮುಂದಿನ ರಿಪೋರ್ಟು ಶುಕ್ರವಾರ ಬರುತ್ತದೆ.